ಗೋಧಿ ಬಿಡಿಸಿದ ಮೇಲೆ ಸೀಲಿಯಾಕ್ ಪರೀಕ್ಷೆ: ನೆಗೆಟಿವ್ ಬಂದರೆ ನಂಬಬಹುದಾ?

ಪ್ರಶ್ನೆ: ನಾವು ಹುಬ್ಬಳ್ಳಿಯವರು. ಮಗಳಿಗೆ 8 ವರ್ಷ. ಎರಡು ವರ್ಷದಿಂದ ಹೊಟ್ಟೆ ಉಬ್ಬರ, ಆಗಾಗ ಭೇದಿ. ಕ್ಲಾಸಿನಲ್ಲಿ ಎಲ್ಲರಿಗಿಂತ ಗಿಡ್ಡ. ಹಿಮೋಗ್ಲೋಬಿನ್ 8.1 ಇತ್ತು, ಒಂದು ವರ್ಷ ಕಬ್ಬಿಣದ ಸಿರಪ್ ಕೊಟ್ಟರೂ 9 ದಾಟಲಿಲ್ಲ. ಪುಣೆಯಲ್ಲಿರುವ ನಾದಿನಿ ‘ಗ್ಲುಟೆನ್ ಆಗಿಬರ್ತಿಲ್ಲ ಅನ್ಸುತ್ತೆ, ಗೋಧಿ ಬಿಡಿಸಿ ನೋಡು’ ಅಂದರು. ನಾಲ್ಕು ತಿಂಗಳಿಂದ ಚಪಾತಿ, ಬ್ರೆಡ್, ಬಿಸ್ಕೆಟ್ ನಿಲ್ಲಿಸಿ ಜೋಳದ ರೊಟ್ಟಿ, ಅನ್ನ ಕೊಡುತ್ತಿದ್ದೇವೆ. ಹೊಟ್ಟೆ ಎಷ್ಟೋ ವಾಸಿ. ಕಳೆದ ವಾರ ಡಾಕ್ಟರು ಟಿಟಿಜಿ ರಕ್ತ ಪರೀಕ್ಷೆ ಮಾಡಿಸಿದರು. ನೆಗೆಟಿವ್ ಬಂತು. ಆದರೂ ಅವರು ‘ಇದನ್ನು ನಂಬುವ ಹಾಗಿಲ್ಲ, ಮತ್ತೆ ಗೋಧಿ ತಿನ್ನಿಸಿ, ಆಮೇಲೆ ಇನ್ನೊಮ್ಮೆ ನೋಡೋಣ’ ಅಂತಾರೆ. ನನಗೆ ಧೈರ್ಯ ಬರುತ್ತಿಲ್ಲ. ಅತ್ತೆಯವರು ‘ನಮ್ಮ ಕಾಲದಲ್ಲಿ ಇಂಥದ್ದೆಲ್ಲ ಇರಲಿಲ್ಲ, ಈಗಿನ ಹೈಬ್ರಿಡ್ ಗೋಧಿಯದೇ ತಪ್ಪು, ಖಪಲಿ ಗೋಧಿ ಕೊಡು’ ಅಂತಾರೆ. ಒಂದು ಲ್ಯಾಬಿನವರು 200 ಆಹಾರಗಳ ಪರೀಕ್ಷೆ ಮಾಡುತ್ತೇವೆ ಅಂತಿದ್ದಾರೆ, ಅದನ್ನು ಮಾಡಿಸಲೇ? 12 ವರ್ಷದ ಮಗನೂ ಇದ್ದಾನೆ. ಅವನಿಗೂ ಈಗಲೇ ಗೋಧಿ ಬಿಡಿಸಬೇಕಾ?

ಉತ್ತರ: ನಿಮ್ಮ ಡಾಕ್ಟರು ಹೇಳಿದ್ದು ಸರಿ. ಕೇಳಲು ಕಷ್ಟ ಅಂತ ನನಗೂ ಗೊತ್ತು. ಎರಡು ವರ್ಷ ಒದ್ದಾಡಿದ ಮಗು ಈಗಷ್ಟೇ ನೆಮ್ಮದಿಯಾಗಿ ಉಂಡು ಮಲಗುತ್ತಿದೆ. ಅದಕ್ಕೆ ಮತ್ತೆ ಗೋಧಿ ಕೊಡಿ ಅಂದರೆ ಯಾವ ತಾಯಿಗೂ ಮನಸ್ಸು ಬರುವುದಿಲ್ಲ. ಕರುಳಿನ ಕಾಯಿಲೆಗಳ ವೈದ್ಯನಾಗಿ ನಾನು ಇದೇ ಸಂಕಟವನ್ನು ಮತ್ತೆ ಮತ್ತೆ ನೋಡುತ್ತೇನೆ. ಮನೆಯವರು ಒಳ್ಳೆಯ ಮನಸ್ಸಿನಿಂದ ಗೋಧಿ ನಿಲ್ಲಿಸಿರುತ್ತಾರೆ. ಮಗು ಚೇತರಿಸಿಕೊಳ್ಳುತ್ತದೆ. ಆಮೇಲೆ ಪರೀಕ್ಷೆ ಉತ್ತರ ಕೊಡುವುದಿಲ್ಲ.

ನಿಮ್ಮ ಮುಂದೆ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಗೋಧಿ ಬಿಟ್ಟರೆ ಮಗಳಿಗೆ ಹಾಯಾಗುತ್ತದೆಯೇ? ಆಗುತ್ತದೆ ಅಂತ ನೀವೇ ಕಂಡಿದ್ದೀರಿ. ಅವಳಿಗಿರುವುದು ಸೀಲಿಯಾಕ್ ಕಾಯಿಲೆಯೇ? ಇದಕ್ಕೆ ಉತ್ತರ ಇನ್ನೂ ಸಿಕ್ಕಿಲ್ಲ, ಮೊದಲನೆಯ ಉತ್ತರದಿಂದ ಅದು ಸಿಗುವುದೂ ಇಲ್ಲ. ಸೀಲಿಯಾಕ್ ಆದರೆ ಜೀವನಪೂರ್ತಿ, ಒಂದು ಚೂರೂ ಬಿಡದೆ ಪಥ್ಯ ಮಾಡಬೇಕು. ಅಲ್ಲದಿದ್ದರೆ ಅಷ್ಟು ಬಿಗಿ ಬೇಕಾಗಿಲ್ಲ, ಆದರೆ ರಕ್ತ ಕಡಿಮೆಯಾಗಲು ಬೇರೆ ಕಾರಣ ಹುಡುಕಬೇಕು. ಎಂಟು ವರ್ಷದ ಹುಡುಗಿಗೆ ಮುಂದಿನ ಎಪ್ಪತ್ತು ವರ್ಷದ ಊಟದ ವಿಷಯ ಇದು. ಅಂದಾಜಿನ ಮೇಲೆ ನಿರ್ಧಾರ ಮಾಡಬಾರದು.

ಗ್ಲುಟೆನ್ ಅನ್ನುವುದು ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಪ್ರೋಟೀನು. ಚಪಾತಿ ಹಿಟ್ಟು ನಾದಿದಾಗ ಎಳೆದರೆ ಹರಿಯದೆ ಹಿಗ್ಗುತ್ತದಲ್ಲ, ಅದು ಇದರಿಂದಲೇ. ಸೀಲಿಯಾಕ್ ಇರುವವರಲ್ಲಿ ಈ ಪ್ರೋಟೀನಿನ ತುಣುಕುಗಳು ಸಣ್ಣ ಕರುಳು ಸೇರಿದಾಗ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕರುಳಿನ ಮೇಲೆ ತಿರುಗಿಬೀಳುತ್ತದೆ. ಕರುಳಿನ ಒಳಗೋಡೆಯಲ್ಲಿ ಆಹಾರ ಹೀರುವ ಸಣ್ಣ ಸಣ್ಣ ಎಳೆಗಳಿರುತ್ತವೆ. ಒತ್ತೊತ್ತಾಗಿ ನಿಂತ ಪೈರು ಗಾಳಿಮಳೆಗೆ ಮಲಗಿಬಿಡುವ ಹಾಗೆ ಅವು ಚಪ್ಪಟೆಯಾಗುತ್ತವೆ. ಸಣ್ಣ ಕರುಳಿನ ಮೊದಲ ಭಾಗಕ್ಕೇ ಹೊಡೆತ ಜಾಸ್ತಿ. ಕಬ್ಬಿಣ ಹೀರಿಕೊಳ್ಳುವ ಜಾಗವೂ ಅದೇ. ಒಂದು ವರ್ಷ ಸಿರಪ್ ಕುಡಿದರೂ ಹಿಮೋಗ್ಲೋಬಿನ್ ಏರದಿದ್ದಾಗ ಡಾಕ್ಟರಿಗೆ ಸೀಲಿಯಾಕ್ ನೆನಪಾಗುವುದು ಇದಕ್ಕೇ. ಸಿರಪ್ ಹೊಟ್ಟೆಗೆ ಹೋಗುತ್ತಿದೆ, ರಕ್ತಕ್ಕೆ ಸೇರುತ್ತಿಲ್ಲ.

ಎಲ್ಲರಿಗೂ ಭೇದಿಯೇ ಆಗಬೇಕೆಂದಿಲ್ಲ. ಕೆಲವು ಮಕ್ಕಳಿಗೆ ಮಲಬದ್ಧತೆ ಇರುತ್ತದೆ. ಇನ್ನು ಕೆಲವರಿಗೆ ಹೊಟ್ಟೆಯ ತೊಂದರೆಯೇ ಇರುವುದಿಲ್ಲ, ಎತ್ತರ ಮಾತ್ರ ನಿಂತಿರುತ್ತದೆ. ದೊಡ್ಡವರಲ್ಲಿ ಮೂಳೆ ಸವೆತ, ಪದೇ ಪದೇ ಬಾಯಿಹುಣ್ಣು, ಮಕ್ಕಳಾಗದಿರುವುದು, ಮೈಮೇಲೆ ಕೆರೆತದ ಗುಳ್ಳೆ, ಹೀಗೆ ಯಾವ ರೂಪದಲ್ಲಾದರೂ ಬರಬಹುದು. ಟೈಪ್ 1 ಮಧುಮೇಹ, ಥೈರಾಯ್ಡ್ ಕಾಯಿಲೆ ಇರುವವರಲ್ಲಿ ಇದು ಸ್ವಲ್ಪ ಹೆಚ್ಚು.

ಈಗ ನಿಮ್ಮ ಕೈಲಿರುವ ರಿಪೋರ್ಟಿಗೆ ಬರೋಣ. ಟಿಟಿಜಿ-ಐಜಿಎ ಪರೀಕ್ಷೆ ಹುಡುಕುವುದು ಗ್ಲುಟೆನನ್ನಲ್ಲ. ಗ್ಲುಟೆನ್ ತಿಂದಾಗ ದೇಹದ ರಕ್ಷಣಾ ವ್ಯವಸ್ಥೆ ತಯಾರಿಸುವ ಪ್ರತಿಕಾಯ ಅನ್ನುವ ಪ್ರೋಟೀನನ್ನು ಹುಡುಕುತ್ತದೆ. ತಿನ್ನುವುದು ನಿಂತರೆ ಅದೂ ಇಳಿಯುತ್ತಾ ಬರುತ್ತದೆ. ಮೊದಲೇ ಸ್ವಲ್ಪವೇ ಜಾಸ್ತಿ ಇದ್ದರೆ ನಾಲ್ಕು ತಿಂಗಳಲ್ಲಿ ನಾರ್ಮಲ್ ಆಗಿರಲೂ ಸಾಕು. ಆದ್ದರಿಂದ ಈ ನೆಗೆಟಿವ್ ಎಂದರೆ ‘ಕಾಯಿಲೆ ಇಲ್ಲ’ ಅಂತಲ್ಲ.

ಇನ್ನೊಂದು ಸಂಗತಿ. ರಿಪೋರ್ಟಿನಲ್ಲಿ ‘ಟೋಟಲ್ ಐಜಿಎ’ ಅಂತ ಬೇರೆ ಸಾಲು ಇದೆಯಾ ನೋಡಿ. ಸೀಲಿಯಾಕ್ ಇರುವವರಲ್ಲಿ ನೂರಕ್ಕೆ ಎರಡು ಮೂರು ಜನರ ರಕ್ತದಲ್ಲಿ ಐಜಿಎ ಅನ್ನುವ ಪ್ರತಿಕಾಯವೇ ಇರುವುದಿಲ್ಲ. ಅವರಿಗೆ ಬುಟ್ಟಿಗಟ್ಟಲೆ ಗೋಧಿ ತಿನ್ನಿಸಿದರೂ ಈ ಪರೀಕ್ಷೆ ನೆಗೆಟಿವ್ ಬರುತ್ತದೆ. ಮುಂದಿನ ಸಲ ಎರಡನ್ನೂ ಒಟ್ಟಿಗೆ ಮಾಡಿಸಿ. ಐಜಿಎ ತೀರಾ ಕಡಿಮೆ ಇದ್ದರೆ ಐಜಿಜಿ ಅನ್ನುವ ಇನ್ನೊಂದು ಬಗೆಯ ಪ್ರತಿಕಾಯ ನೋಡುವ ಪರೀಕ್ಷೆ ಬೇಕಾಗುತ್ತದೆ.

ಹಾಗಾದರೆ ಏನು ಮಾಡಬಹುದು?

ನಾನಾಗಿದ್ದರೆ ಗೋಧಿ ತಿನ್ನಿಸುವ ಮೊದಲು ಎಚ್‌ಎಲ್‌ಎ ಡಿಕ್ಯೂ2, ಡಿಕ್ಯೂ8 ಅನ್ನುವ ಜೀನ್ ಪರೀಕ್ಷೆಯ ಬಗ್ಗೆ ನಿಮ್ಮ ಡಾಕ್ಟರ ಹತ್ತಿರ ಮಾತಾಡುತ್ತಿದ್ದೆ. ಇದಕ್ಕೂ ಏನು ತಿಂದಿದ್ದೀರಿ ಅನ್ನುವುದಕ್ಕೂ ಸಂಬಂಧವಿಲ್ಲ. ಪಥ್ಯದಲ್ಲಿದ್ದಾಗಲೂ ಮಾಡಿಸಬಹುದು. ಎರಡೂ ಇಲ್ಲ ಅಂತ ಬಂದರೆ ಸೀಲಿಯಾಕ್ ಬಹುಮಟ್ಟಿಗೆ ಇಲ್ಲ ಅಂತಲೇ ಲೆಕ್ಕ. ಮಗುವಿಗೆ ಸುಮ್ನೆ ಮತ್ತೆ ತೊಂದರೆ ಕೊಡುವುದು ತಪ್ಪುತ್ತದೆ. ಆದರೆ ಪಾಸಿಟಿವ್ ಬಂದರೆ ಗಾಬರಿ ಬೇಡ. ನಮ್ಮ ದೇಶದ ಸುಮಾರು ಮೂರನೇ ಒಂದು ಭಾಗದ ಜನರಲ್ಲಿ ಈ ಜೀನ್ ಇದೆ, ಅವರಲ್ಲಿ ಕಾಯಿಲೆ ಬರುವುದು ಬಹಳ ಕಡಿಮೆ ಜನಕ್ಕೆ. ‘ಇಲ್ಲ’ ಅಂತ ಹೇಳಲು ಮಾತ್ರ ಈ ಪರೀಕ್ಷೆ ಉಪಯೋಗ.

ಜೀನ್ ಇದ್ದರೆ ಮುಂದಿನ ದಾರಿ ನಿಮ್ಮ ಡಾಕ್ಟರು ಹೇಳಿದ್ದೇ. ಕೆಲವು ವಾರ ಗೋಧಿ ಕೊಟ್ಟು, ಮತ್ತೆ ರಕ್ತ ಪರೀಕ್ಷೆ. ದಿನಕ್ಕೆ ಒಂದೆರಡು ಸಾಧಾರಣ ಚಪಾತಿ ಸಾಕು. 30 ಗ್ರಾಂ ಹಿಟ್ಟಿನ ಒಂದು ಚಪಾತಿಯಲ್ಲಿ ಹತ್ತಿರ ಹತ್ತಿರ ಎರಡೂವರೆಯಿಂದ ಮೂರು ಗ್ರಾಂ ಗ್ಲುಟೆನ್ ಇರುತ್ತದೆ. ಸಾಮಾನ್ಯವಾಗಿ ಆರರಿಂದ ಎಂಟು ವಾರ ಹೀಗೆ ಕೊಡುತ್ತೇವೆ. ಕೆಲವು ಮಕ್ಕಳಲ್ಲಿ ರಕ್ತದಲ್ಲಿ ಬದಲಾವಣೆ ಕಾಣಲು ಇನ್ನೂ ಹೆಚ್ಚು ಕಾಲ ಬೇಕು. ಹೊಟ್ಟೆ ಉಬ್ಬರ, ಭೇದಿ ಮರಳಿ ಬರಬಹುದು, ಅದನ್ನು ಮೊದಲೇ ತಿಳಿದಿರಿ. ತಡೆಯಲಾರದಷ್ಟು ಆದರೆ, ಅಥವಾ ತೂಕ ಇಳಿದರೆ, ಅವಧಿ ಮುಗಿಯಲಿ ಅಂತ ಕಾಯಬೇಡಿ. ಡಾಕ್ಟರಿಗೆ ಫೋನ್ ಮಾಡಿ, ಅಂದೇ ರಕ್ತ ತೆಗೆಸಿ. ಐದು ವರ್ಷದೊಳಗಿನ ಮಕ್ಕಳಿಗೆ ಮತ್ತು ಪ್ರಾಯಕ್ಕೆ ಬರುತ್ತಾ ಸರಸರನೆ ಎತ್ತರ ಬೆಳೆಯುವ ಹೊತ್ತಿನಲ್ಲಿ ಈ ಪ್ರಯೋಗವನ್ನು ನಾವು ಆದಷ್ಟು ಮಾಡುವುದಿಲ್ಲ. ನಿಮ್ಮ ಮಗಳಿಗೆ ಎಂಟು. ಮಾಡುವುದಿದ್ದರೆ ಈಗಲೇ ಒಳ್ಳೆಯದು, ಎರಡು ಮೂರು ವರ್ಷ ತಳ್ಳಿದರೆ ಆ ಅವಕಾಶ ಕೈತಪ್ಪುತ್ತದೆ.

ಟಿಟಿಜಿ ಪಾಸಿಟಿವ್ ಬಂದರೆ ಎಂಡೋಸ್ಕೋಪಿ, ಅಂದರೆ ಬಾಯಿಯಿಂದ ಸಣ್ಣ ಕೊಳವೆ ಇಳಿಸಿ ಒಳಗೆ ನೋಡುವುದು. ಸಣ್ಣ ಕರುಳಿನ ಮೊದಲ ಭಾಗದಿಂದ ಅಕ್ಕಿಕಾಳಿಗಿಂತ ಚಿಕ್ಕ ಚೂರುಗಳನ್ನು ನಾಲ್ಕೈದು ಕಡೆ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇದೇ ಬಯಾಪ್ಸಿ. ಹಾನಿ ಅಲ್ಲೊಂದು ಇಲ್ಲೊಂದು ಕಡೆ ಇರಬಹುದು, ಅದಕ್ಕೇ ಒಂದು ಚೂರು ಸಾಲದು. ಮಗುವಿಗೆ ಮಂಪರು ಕೊಟ್ಟು ಮಾಡುತ್ತಾರೆ, ನೋವು ಗೊತ್ತಾಗುವುದಿಲ್ಲ. ಮಕ್ಕಳಲ್ಲಿ ಟಿಟಿಜಿ ಮಾಮೂಲಿ ಮಿತಿಗಿಂತ ಹತ್ತು ಪಟ್ಟು ಅಥವಾ ಅದಕ್ಕೂ ಜಾಸ್ತಿ ಇದ್ದು, ಬೇರೆ ದಿನ ತೆಗೆದ ರಕ್ತದಲ್ಲಿ ಇಎಂಎ ಅನ್ನುವ ಇನ್ನೊಂದು ಪ್ರತಿಕಾಯದ ಪರೀಕ್ಷೆಯೂ ಪಾಸಿಟಿವ್ ಬಂದರೆ ಬಯಾಪ್ಸಿ ಇಲ್ಲದೆಯೇ ಕಾಯಿಲೆ ಖಚಿತಪಡಿಸಬಹುದು ಅಂತ ಯುರೋಪಿನ ಮಕ್ಕಳ ಕರುಳು ತಜ್ಞರ ಸಂಘ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಇದನ್ನು ಮಕ್ಕಳ ಕರುಳು ತಜ್ಞರೇ ನಿರ್ಧರಿಸಬೇಕು.

ಯಾವ ಪರೀಕ್ಷೆಯೂ ಬೇಡ, ಹೀಗೇ ಗೋಧಿ ಬಿಟ್ಟು ಇದ್ದುಬಿಡೋಣ ಅನ್ನುವ ದಾರಿಯೂ ಇದೆ. ಹಲವರು ಅದನ್ನೇ ಹಿಡಿಯುತ್ತಾರೆ. ಅದರ ತೊಂದರೆ ಗೊತ್ತಾಗುವುದು ಹತ್ತು ವರ್ಷದ ಮೇಲೆ. ಹುಡುಗಿ ಹಾಸ್ಟೆಲಿಗೆ ಹೋಗುತ್ತಾಳೆ, ಗೆಳತಿಯರ ಜೊತೆ ಪಿಜ್ಜಾ ತಿನ್ನುತ್ತಾಳೆ, ಏನೂ ಆಗುವುದಿಲ್ಲ. ‘ನನಗೆ ಅದೆಲ್ಲ ವಾಸಿಯಾಗಿದೆ’ ಅಂತ ಪಥ್ಯ ಬಿಡುತ್ತಾಳೆ. ಸೀಲಿಯಾಕ್ ಇದ್ದರೆ ಹೊಟ್ಟೆ ಸುಮ್ಮನಿದ್ದರೂ ಒಳಗೆ ಕರುಳು ಸವೆಯುತ್ತಿರುತ್ತದೆ, ಮೂಳೆ ತೆಳುವಾಗುತ್ತಿರುತ್ತದೆ. ಅಪರೂಪಕ್ಕೆ ಕರುಳಿನ ಕ್ಯಾನ್ಸರ್‌ವರೆಗೂ ಹೋಗುವುದುಂಟು. ಖಚಿತವಾದ ರಿಪೋರ್ಟ್ ಕೈಲಿದ್ದವರು ಪಥ್ಯ ಉಳಿಸಿಕೊಳ್ಳುವುದು, ಅಂದಾಜಿನ ಮೇಲೆ ನಡೆದವರು ಜಾರುವುದು, ಎರಡನ್ನೂ ನಾನು ನೋಡಿದ್ದೇನೆ.

ಸೀಲಿಯಾಕ್ ಅಲ್ಲದೆ ಬೇರೆ ಏನಿರಬಹುದು ಅನ್ನುವುದನ್ನೂ ಬಿಡಬಾರದು. ನಮ್ಮ ದಕ್ಷಿಣ ಭಾರತದಲ್ಲಿ ಟ್ರಾಪಿಕಲ್ ಸ್ಪ್ರೂ ಅನ್ನುವ ಕಾಯಿಲೆ ಇದೆ. ಬಯಾಪ್ಸಿಯಲ್ಲಿ ಸೀಲಿಯಾಕ್ ತರಹವೇ ಕಾಣಿಸಬಹುದು, ಆದರೆ ಅದಕ್ಕೆ ಮದ್ದು ಫೋಲಿಕ್ ಆಸಿಡ್ ಮತ್ತು ಆ್ಯಂಟಿಬಯೋಟಿಕ್. ಗೋಧಿ ಬಿಟ್ಟು ಪ್ರಯೋಜನವಿಲ್ಲ. ಜಿಯಾರ್ಡಿಯಾ ಅನ್ನುವ ಪರೋಪಜೀವಿ, ಜಂತುಹುಳು ಇದ್ದರೂ ಮಗು ಹೀಗೇ ಸೊರಗುತ್ತದೆ. ಮಲ ಪರೀಕ್ಷೆ ಮಾಡಿಸಿದ್ದಾರಾ? ಸಿರಪ್‌ಗೆ ಜಗ್ಗದ ರಕ್ತಹೀನತೆಗೆ ಥಲಸೇಮಿಯಾ ಮೈನರ್ ಅನ್ನುವ, ಹುಟ್ಟಿನಿಂದಲೇ ಬರುವ ರಕ್ತದ ತೊಂದರೆ ಕೂಡ ಕಾರಣ ಇರಬಹುದು. ಎಚ್‌ಪಿಎಲ್‌ಸಿ ಅನ್ನುವ ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಇವನ್ನೆಲ್ಲ ನೋಡಲು ಗೋಧಿ ತಿನ್ನಿಸಬೇಕಾಗಿಲ್ಲ, ಈ ವಾರವೇ ಮಾಡಿಸಬಹುದು.

ಗೋಧಿ ಬಿಟ್ಟಾಗ ಹೊಟ್ಟೆ ಹಗುರಾಗಲು ಗ್ಲುಟೆನ್ನೇ ಕಾರಣ ಆಗಬೇಕೆಂದೂ ಇಲ್ಲ. ಗೋಧಿಯಲ್ಲಿ ಫ್ರಕ್ಟಾನ್ ಅನ್ನುವ, ಸುಲಭವಾಗಿ ಜೀರ್ಣವಾಗದ ಒಂದು ಬಗೆಯ ಸಕ್ಕರೆಯ ಸರಪಳಿ ಇದೆ. ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಇದೆ. ದೊಡ್ಡ ಕರುಳಿನಲ್ಲಿ ಹುಳಿತು ಗಾಳಿ ಮಾಡುತ್ತದೆ. ಸೀಲಿಯಾಕ್ ಇಲ್ಲದಿದ್ದರೂ ತಮಗೆ ಗ್ಲುಟೆನ್ ಆಗದು ಅಂತ ಗ್ಲುಟೆನ್ ಬಿಟ್ಟಿದ್ದ 59 ಜನರಿಗೆ ನಾರ್ವೆಯಲ್ಲಿ ಯಾವುದು ಯಾವುದೆಂದು ಹೇಳದೆ ಬೇರೆ ಬೇರೆ ತಿಂಡಿ ಕೊಟ್ಟು ನೋಡಿದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಗ್ಲುಟೆನ್‌ಗಿಂತ ಫ್ರಕ್ಟಾನ್ ತಿಂದಾಗಲೇ ತೊಂದರೆ ಹೆಚ್ಚಾಗಿತ್ತು. ಇಂಥವರಿಗೆ ಕರುಳಿಗೆ ಹಾನಿಯಾಗುವುದಿಲ್ಲ, ಮಿತಿಯಲ್ಲಿ ತಿನ್ನಬಹುದು. ಗೋಧಿಯ ಅಲರ್ಜಿ ಇನ್ನೊಂದೇ ಕಾಯಿಲೆ. ಅದರಲ್ಲಿ ತಿಂದ ಸ್ವಲ್ಪ ಹೊತ್ತಿಗೆ ಮೈ ದದ್ದು, ತುಟಿ ಊತ, ಉಸಿರಾಟಕ್ಕೆ ಕಷ್ಟ ಆಗುತ್ತದೆ. ನೀವು ಬರೆದಿರುವುದು ಹಾಗಿಲ್ಲ.

200 ಆಹಾರಗಳ ಪರೀಕ್ಷೆ ಬೇಡ. ಅದು ನೋಡುವುದು ಆಹಾರಗಳ ವಿರುದ್ಧ ಇರುವ ಐಜಿಜಿ ಪ್ರತಿಕಾಯವನ್ನು. ನಾವು ದಿನಾ ತಿನ್ನುವ ಪದಾರ್ಥಕ್ಕೆ ಅದು ಎಲ್ಲರಲ್ಲೂ ಇರುತ್ತದೆ. ತಿಂದಿದ್ದಾರೆ ಅನ್ನುವುದಕ್ಕೆ ಗುರುತೇ ಹೊರತು ಕಾಯಿಲೆಯ ಗುರುತಲ್ಲ. ರಿಪೋರ್ಟಿನಲ್ಲಿ ಹಾಲು, ಮೊಟ್ಟೆ, ಕಡಲೆ, ಶೇಂಗಾ ಎಲ್ಲ ಕೆಂಪಕ್ಷರದಲ್ಲಿ ಬರುತ್ತದೆ. ಹೆದರಿದ ತಾಯಿ ಅವನ್ನೂ ನಿಲ್ಲಿಸುತ್ತಾರೆ. ಮೊದಲೇ ರಕ್ತ ಕಡಿಮೆ ಇರುವ ಮಗುವಿಗೆ ತಿನ್ನಲು ಉಳಿಯುವುದೇನು?

ಅತ್ತೆಯವರ ಮಾತಿಗೆ ಬರೋಣ. ಅವರು ಕಂಡದ್ದರಲ್ಲಿ ಹುರುಳಿದೆ. ನಿಮ್ಮ ಕಡೆ ಹಿಂದೆ ದಿನದ ಊಟ ಜೋಳದ ರೊಟ್ಟಿ. ಗೋಧಿ ಹುಗ್ಗಿ, ಮಾದಲಿ, ಹೋಳಿಗೆ ಹಬ್ಬಕ್ಕೆ. ದೇಶದ ಮೂರು ಭಾಗಗಳಲ್ಲಿ 23 ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸೀಲಿಯಾಕ್ ಉತ್ತರದಲ್ಲಿ ಸಾವಿರಕ್ಕೆ ಎಂಟು ಒಂಬತ್ತು ಜನರಿಗೆ ಇತ್ತು. ದಕ್ಷಿಣದಲ್ಲಿ ಹತ್ತು ಸಾವಿರಕ್ಕೆ ಸುಮಾರು ಒಬ್ಬರು. ಜೀನ್ ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿತ್ತು. ದಿನಕ್ಕೆ ತಿನ್ನುವ ಗೋಧಿಯಲ್ಲಿ ಅಜಗಜಾಂತರ: ಉತ್ತರದಲ್ಲಿ ಸರಾಸರಿ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ. ದಕ್ಷಿಣದ ಅಂಕಿ ತಮಿಳುನಾಡಿನದು, ಈಗ ಚಪಾತಿ ಹೆಚ್ಚು ಮಾಡುವ ಹುಬ್ಬಳ್ಳಿ ಧಾರವಾಡಕ್ಕೆ ಹಾಗೇ ಹೊಂದಿಸಲಾಗದು. ಆದರೂ ನಮ್ಮಲ್ಲಿ ಇದು ಅಪರೂಪದ ಕಾಯಿಲೆ ಅನ್ನುವುದು ನಿಜ. ಬರುವುದೇ ಇಲ್ಲ ಅನ್ನುವುದು ನಿಜವಲ್ಲ.

ಹೈಬ್ರಿಡ್ ಗೋಧಿಯ ಮಾತು ಮಾತ್ರ ನಿಲ್ಲುವುದಿಲ್ಲ. ಈ ಕಾಯಿಲೆಯ ಲಕ್ಷಣಗಳನ್ನು ಇಂಗ್ಲೆಂಡಿನ ವೈದ್ಯ ಸ್ಯಾಮುಯೆಲ್ ಗೀ 1888ರಲ್ಲೇ ವಿವರಿಸಿದ್ದರು. ಕಾರಣ ಗೋಧಿ ಅಂತ ತೋರಿಸಿಕೊಟ್ಟವರು ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲೆಮ್ ಡಿಕೆ. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲ, 1944-45ರಲ್ಲಿ ಅಲ್ಲಿ ಬರಗಾಲ ಬಿತ್ತು. ಬ್ರೆಡ್ ಸಿಗದೆ ಊರೆಲ್ಲ ಸೊರಗುತ್ತಿದ್ದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ ಮತ್ತೆ ಬಂದಾಗ ಹಾಸಿಗೆ ಹಿಡಿದರು. ಡಿಕೆ 1950ರಲ್ಲಿ ಇದನ್ನು ಪ್ರಬಂಧವಾಗಿ ಬರೆದರು. ಗಿಡ್ಡ ತಳಿಯ ಹೊಸ ಗೋಧಿ ನಮ್ಮ ಹೊಲಗಳಿಗೆ ಬಂದದ್ದು 1960ರ ದಶಕದಲ್ಲಿ. ಖಪಲಿ ಹಳೆಯ ತಳಿ ಹೌದು, ಆದರೆ ಅದೂ ಗೋಧಿಯೇ, ಅದರಲ್ಲೂ ಗ್ಲುಟೆನ್ ಇದೆ. ಸೀಲಿಯಾಕ್ ಇದ್ದರೆ ಅದು ಮಗಳಿಗೆ ಆಗದು. ಅತ್ತೆಯವರಿಗೆ ಇದನ್ನು ಡಾಕ್ಟರಿಂದಲೇ ಹೇಳಿಸಿ, ನೀವು ಹೇಳಿದರೆ ಮನೆಯಲ್ಲಿ ಜಗಳವಾದೀತು.

ಒಂದು ವೇಳೆ ಸೀಲಿಯಾಕ್ ಅಂತ ಖಚಿತವಾದರೆ, ಈಗ ನೀವು ಮಾಡುತ್ತಿರುವ ಪಥ್ಯ ಸಾಲದು. ಚಪಾತಿ, ಬ್ರೆಡ್, ಬಿಸ್ಕೆಟ್ ಕಣ್ಣಿಗೆ ಕಾಣುವ ಗೋಧಿ. ಕಾಣದ್ದೇ ಜಾಸ್ತಿ. ಉಪ್ಪಿಟ್ಟು, ಕೇಸರಿಬಾತ್, ರವೆ ಇಡ್ಲಿ, ಚಿರೋಟಿ, ಹೋಳಿಗೆಯ ಕಣಕ, ಶಾವಿಗೆ, ಮದ್ದೂರು ವಡೆ, ಗೋಬಿ ಮಂಚೂರಿಯ ಮೈದಾ ಮತ್ತು ಸೋಯಾ ಸಾಸ್, ಮಾಲ್ಟ್ ಬೆರೆಸಿದ ಹಾಲಿನ ಪುಡಿಗಳು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಕೆಲವು ತಿಂಗಳು ಹೋದರೆ ಕರುಳಿಗೆ ಮತ್ತೆ ಹಾನಿಯಾಗುತ್ತದೆ ಅಂತ ಪರೀಕ್ಷಿಸಿ ನೋಡಿದ್ದಾರೆ. ಅದು ಒಂದು ಚಪಾತಿಯ ಐವತ್ತನೇ ಒಂದು ಭಾಗ. ‘ಪ್ರಸಾದ ಅಲ್ವಾ, ಒಂದು ಚೂರು ತಿಂದರೆ ಏನೂ ಆಗಲ್ಲ’ ಅನ್ನುವ ಮಾತು ಈ ಮಗುವಿಗೆ ಹೊಂದುವುದಿಲ್ಲ.

ನಮ್ಮ ಅಡುಗೆಮನೆಯಲ್ಲಿ ಎಲ್ಲರೂ ಮರೆಯುವುದು ಇಂಗು. ಡಬ್ಬಿ ತಿರುಗಿಸಿ ಓದಿ. ಅಂಗಡಿಯಲ್ಲಿ ಸಿಗುವ ಇಂಗಿನ ಪುಡಿ ಹೆಚ್ಚಾಗಿ ಶುದ್ಧ ಇಂಗಲ್ಲ, ಅದಕ್ಕೆ ಗೋಂದು ಮತ್ತು ಗೋಧಿ ಹಿಟ್ಟು ಅಥವಾ ಮೈದಾ ಬೆರೆಸಿರುತ್ತಾರೆ. ದಿನಾ ಸಾರಿನ ಒಗ್ಗರಣೆಗೆ, ಮಜ್ಜಿಗೆಗೆ, ಉಪ್ಪಿನಕಾಯಿಗೆ ಬೀಳುವುದು ಅದೇ. ಇಂಗು ಹಾಕಿದ ಸಾಂಬಾರ್ ಪುಡಿ, ಹಪ್ಪಳದಲ್ಲೂ ಅದೇ ಕಥೆ. ಅಕ್ಕಿ ಹಿಟ್ಟು ಬೆರೆಸಿದ, ಗ್ಲುಟೆನ್ ಇಲ್ಲ ಅಂತ ಬರೆದಿರುವ ಇಂಗು ಸಿಗುತ್ತದೆ, ಇಲ್ಲದಿದ್ದರೆ ಬೆಳ್ಳುಳ್ಳಿ ಒಗ್ಗರಣೆಯಲ್ಲೇ ಮುಗಿಸಿ.

ಎರಡನೆಯದು ಹಿಟ್ಟಿನ ಗಿರಣಿ. ಜೋಳದಲ್ಲಿ ಗ್ಲುಟೆನ್ ಇಲ್ಲ, ನಿಜ. ಆದರೆ ನಿಮ್ಮ ಜೋಳಕ್ಕಿಂತ ಮೊದಲು ಅದೇ ಕಲ್ಲಿನಲ್ಲಿ ಇನ್ನೊಬ್ಬರ ಗೋಧಿ ಬಿದ್ದಿರುತ್ತದೆ. ಹಿಟ್ಟು ಬೀಳುವ ಬಾಯಿಗೆ ಕಟ್ಟಿದ ಬಟ್ಟೆಯ ತೋಳು ನೋಡಿದ್ದೀರಲ್ಲ, ತಟ್ಟಿದರೆ ಹಳೆಯ ಹಿಟ್ಟು ಉದುರುತ್ತದೆ. ಮನೆಯಲ್ಲಿ ಸಣ್ಣ ಗಿರಣಿ ಇಟ್ಟುಕೊಳ್ಳಲು ಆಗುವುದಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಅದರಲ್ಲಿ ಗೋಧಿ ಹಾಕಲೇಬಾರದು. ಆಗದಿದ್ದರೆ ಗೋಧಿ ಬೀಸದ ಗಿರಣಿ ಹುಡುಕಿ. ಬೇರೆ ಕಾಳು ಮೊದಲು ಬೀಸಿಸಿ ಆ ಹಿಟ್ಟನ್ನು ಮನೆಯ ಉಳಿದವರಿಗೆ ಬಳಸಿದರೆ ಬೆರಕೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಮಗಳಿಗೆ ಜರಡಿ, ಲಟ್ಟಣಿಗೆ, ಮಣೆ ಬೇರೆ ಇರಲಿ. ಪೂರಿ ಕರಿದ ಎಣ್ಣೆಯಲ್ಲಿ ಅವಳ ಸಂಡಿಗೆ ಕರಿಯಬೇಡಿ. ಹೋಟೆಲಿನ ದೋಸೆಗೂ ಎಚ್ಚರ ಬೇಕು. ಗರಿಗರಿ ಆಗಲಿ ಅಂತ ಹಿಟ್ಟಿಗೆ ರವೆ ಅಥವಾ ಮೈದಾ ಸೇರಿಸುವವರಿದ್ದಾರೆ, ಅದೇ ಕಾವಲಿಯಲ್ಲಿ ರವೆ ದೋಸೆಯೂ ಬೇಯುತ್ತದೆ.

ಪೊಟ್ಟಣದ ಮೇಲೆ ‘ಗ್ಲುಟೆನ್ ಫ್ರೀ’ ಅಂತ ಬರೆಯಬೇಕಾದರೆ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮದಂತೆ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು. ಆ ಮಿತಿ ಸುರಕ್ಷಿತ. ‘ಲೋ ಗ್ಲುಟೆನ್’ ಅಂತ ಇದ್ದರೆ 20ರಿಂದ 100ರವರೆಗೆ ಇರಬಹುದು, ಅದು ಬೇಡ. ‘ಮಲ್ಟಿಗ್ರೇನ್’, ‘ಮಿಲೆಟ್ ಬಿಸ್ಕೆಟ್’ ಅನ್ನುವ ಹೆಸರು ನಂಬಬೇಡಿ, ಒಳಗೆ ಗೋಧಿ ಹಿಟ್ಟು ಇರುವುದೇ ಹೆಚ್ಚು. ಓಟ್ಸ್ ಬೆಳೆಯುವಾಗ, ಸಾಗಿಸುವಾಗ ಗೋಧಿ ಬೆರೆತಿರುತ್ತದೆ. ಮೊದಲ ವರ್ಷ ಅದರ ಕಡೆ ಹೋಗದಿರುವುದೇ ಒಳ್ಳೆಯದು. ದುಬಾರಿ ಪೊಟ್ಟಣಗಳಿಗೆ ದುಡ್ಡು ಸುರಿಯಬೇಕಾಗಿಲ್ಲ. ಜೋಳ, ರಾಗಿ, ಸಜ್ಜೆ, ನವಣೆ, ಸಾಮೆ, ಅಕ್ಕಿ, ಅವಲಕ್ಕಿ, ಬೇಳೆಕಾಳು ನಿಮ್ಮ ಮನೆಯಲ್ಲೇ ಇವೆ. ರಾಗಿಯಲ್ಲಿ ನೂರು ಗ್ರಾಂಗೆ 340 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಇದೆ, ಅವಳ ಮೂಳೆಗೆ ಬೇಕಾದದ್ದೇ. ಬರೀ ಅನ್ನದ ಮೇಲೆ ನಿಲ್ಲಿಸಬೇಡಿ, ನಾರು ಮತ್ತು ಬಿ ವಿಟಮಿನ್‌ಗಳು ಕಡಿಮೆಯಾಗುತ್ತವೆ.

ಪಥ್ಯ ಸರಿಯಾಗಿದ್ದರೆ ಕೆಲವು ವಾರಗಳಲ್ಲಿ ಹೊಟ್ಟೆ ಸುಧಾರಿಸುತ್ತದೆ, ಅದೇ ಕಬ್ಬಿಣದ ಸಿರಪ್ ಈಗ ಕೆಲಸ ಮಾಡಲು ಶುರುಮಾಡುತ್ತದೆ. ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಟಿಟಿಜಿ, ಎತ್ತರ, ತೂಕ, ವಿಟಮಿನ್ ಡಿ ನೋಡಬೇಕು. ಟಿಟಿಜಿ ಇಳಿಯುತ್ತಾ ಬರಬೇಕು. ಇಳಿಯದಿದ್ದರೆ ಎಲ್ಲೋ ಗೋಧಿ ನುಸುಳುತ್ತಿದೆ ಅಂತ ಅರ್ಥ, ಆಗ ಊಟದ ಡೈರಿ ಬರೆಯಿಸಿ ಹುಡುಕುತ್ತೇವೆ. ಶುರುವಿನಲ್ಲಿ ಹಾಲು ಆಗದಿದ್ದರೆ ಹೆದರಬೇಡಿ. ಕರುಳು ಸವೆದಾಗ ಹಾಲಿನ ಸಕ್ಕರೆ ಅರಗಿಸುವ ಶಕ್ತಿಯೂ ಕುಗ್ಗಿರುತ್ತದೆ, ಮೊಸರು ಕೊಡಿ, ಹಾಲು ನಿಧಾನಕ್ಕೆ ಹಿಡಿಸುತ್ತದೆ. ಆನ್‌ಲೈನಿನಲ್ಲಿ ಮಾರುವ ಗ್ಲುಟೆನ್ ಅರಗಿಸುವ ಮಾತ್ರೆಗಳನ್ನು ನೆಚ್ಚಿ ಗೋಧಿ ಕೊಡಬೇಡಿ. ಸದ್ಯಕ್ಕೆ ಪಥ್ಯದ ಜಾಗದಲ್ಲಿ ನಿಲ್ಲುವ ಔಷಧಿ ಇಲ್ಲ.

ಇನ್ನು ಮಗನ ವಿಷಯ. ಮಗಳಿಗೆ ಸೀಲಿಯಾಕ್ ಖಚಿತವಾದರೆ ಅಣ್ಣನಿಗೂ, ನಿಮಗಿಬ್ಬರಿಗೂ ಪರೀಕ್ಷೆ ಬೇಕು. ಒಡಹುಟ್ಟಿದವರಲ್ಲಿ, ತಂದೆತಾಯಿಯಲ್ಲಿ ಇದು ಉಳಿದವರಿಗಿಂತ ಹೆಚ್ಚು, ಹೊರಗೆ ಯಾವ ಲಕ್ಷಣವೂ ಕಾಣದೆ ಇರಬಹುದು. ಹಾಗೆ ಪರೀಕ್ಷೆ ಮಾಡಿಸುವ ದಿನದವರೆಗೂ ಅವನಿಗೆ ಗೋಧಿ ಬಿಡಿಸಬೇಡಿ. ಮೊದಲಿನ ಹಾಗೇ ಚಪಾತಿ ತಿನ್ನಲಿ. ಅವನ ರಿಪೋರ್ಟ್ ಮೊದಲ ಸಲವೇ ಸರಿಯಾದ ಉತ್ತರ ಕೊಡಬೇಕಾದರೆ ಅದೇ ದಾರಿ.